ಕನ್ನಡ ಸಂಗ್ರಹಗಳಿಗೆ ಮೆಟಾಡೇಟಾ: ಪದೇ ಪದೇ ಕೇಳುವ ಪ್ರಶ್ನೆಗಳು

ಬೆಂಗಳೂರಿನ ಬಡಾವಣೆಯ ಗ್ರಂಥಾಲಯ, ಕನ್ನಡ ಸಂಘ, ಶಾಲೆ, ಸಣ್ಣ ಸಂಶೋಧನಾ ಕೇಂದ್ರ ಅಥವಾ ಮನೆಯ ಬೀರುವಿನಲ್ಲಿರುವ ಪುಸ್ತಕ, ಫೋಟೋ, ಕಡತ, ಧ್ವನಿಮುದ್ರಣಗಳನ್ನು ಕಂಪ್ಯೂಟರಿಗೆ ಏರಿಸಿ ಜೋಡಿಸಲು ಹೊರಟವರು ಕೇಳುವ ಪ್ರಶ್ನೆಗಳಿವು. ಕನ್ನಡ ಸಾಮಗ್ರಿಗೇ ಎದುರಾಗುವ ತೊಡಕುಗಳಿಗೆ ಇಲ್ಲಿ ಹೆಚ್ಚು ಜಾಗ ಕೊಟ್ಟಿದ್ದೇವೆ. ಇಂಗ್ಲಿಷ್ ಕೈಪಿಡಿಗಳಲ್ಲಿ ಅವು ಸಿಗುವುದಿಲ್ಲ.

ನಮ್ಮಲ್ಲಿ ಬಂದ ಪುಸ್ತಕಗಳನ್ನು ದಾಖಲಿಸುವ ಅಕ್ಸೆಷನ್ ರಿಜಿಸ್ಟರ್ ಇದೆ. ಅದು ಸಾಲದೇ? ಮೆಟಾಡೇಟಾ ಅಂದರೆ ಬೇರೆ ಏನು?

ರಿಜಿಸ್ಟರೂ ಮೆಟಾಡೇಟಾವೇ. ಒಂದು ವಸ್ತುವಿನ ಬಗ್ಗೆ ಬರೆದಿಟ್ಟ ವಿವರವೆಲ್ಲ ಮೆಟಾಡೇಟಾ. ರಿಜಿಸ್ಟರಿನ ತೊಂದರೆ ಎಂದರೆ ಅದರ ಕಾಲಂಗಳ ಅರ್ಥ ಬರೆದವರ ತಲೆಯಲ್ಲಿ ಮಾತ್ರ ಇರುತ್ತದೆ. 'ಹೆಸರು' ಎಂಬ ಕಾಲಂನಲ್ಲಿ ಒಬ್ಬರು ಪುಸ್ತಕದ ಹೆಸರು ಬರೆದರೆ ಮುಂದೆ ಬಂದವರು ದಾನಿಯ ಹೆಸರು ಬರೆಯಬಹುದು. 'ವರ್ಷ' ಎಂದರೆ ಅಚ್ಚಾದ ವರ್ಷವೋ ಗ್ರಂಥಾಲಯಕ್ಕೆ ಬಂದ ವರ್ಷವೋ ಎಂದು ಯಾರೂ ಹೇಳಿರುವುದಿಲ್ಲ. ಮಾನದಂಡ ಮಾಡುವ ಕೆಲಸ ಇಷ್ಟೇ: ಪ್ರತಿ ಕಾಲಂಗೆ ಒಂದು ಗೊತ್ತಾದ ಹೆಸರು, ಬರೆದಿಟ್ಟ ಅರ್ಥ. ಆಗ ನಿಮ್ಮ ಪಟ್ಟಿಯನ್ನು ಬೇರೆ ಗ್ರಂಥಾಲಯವೂ ಬೇರೆ ತಂತ್ರಾಂಶವೂ ತಪ್ಪಿಲ್ಲದೆ ಓದುತ್ತವೆ.

ಆದರೆ ಕಾಲಂನೊಳಗೆ ಏನು ಬರೆಯಬೇಕು, ಹೇಗೆ ಬರೆಯಬೇಕು ಎಂಬುದನ್ನು ಬಹುತೇಕ ಮಾನದಂಡಗಳು ನಿಮಗೇ ಬಿಡುತ್ತವೆ. ಸಂಗ್ರಹ ಕೆಡುವುದು ಅಲ್ಲಿ. ತಪ್ಪು ಮಾನದಂಡ ಆರಿಸಿ ಹಾಳಾದ ಸಂಗ್ರಹಗಳಿಗಿಂತ, ಒಬ್ಬರೇ ಲೇಖಕರ ಹೆಸರನ್ನು ನಾಲ್ಕು ರೀತಿ ಬರೆದು ಹಾಳಾದವು ಹೆಚ್ಚು.

ಡಬ್ಲಿನ್ ಕೋರ್, ಮಾರ್ಕ್, ಇಎಡಿ… ಎಂದು ಹಲವು ಮಾನದಂಡಗಳಿವೆಯಲ್ಲ, ಯಾವುದನ್ನು ಹಿಡಿಯಬೇಕು?

ನಿಮ್ಮಲ್ಲಿರುವ ವಸ್ತು ನೋಡಿ ನಿರ್ಧರಿಸಿ. ಎರವಲು ಕೊಡುವ ಮುದ್ರಿತ ಪುಸ್ತಕಗಳಾದರೆ ಮಾರ್ಕ್ 21. ಕೋಹಾದಂಥ ಗ್ರಂಥಾಲಯ ತಂತ್ರಾಂಶಗಳು ಅದನ್ನೇ ನಂಬಿ ನಡೆಯುತ್ತವೆ. ಪುಸ್ತಕ, ಫೋಟೋ, ಆಡಿಯೋ, ವರದಿ ಎಲ್ಲ ಕಲೆತಿರುವ ಡಿಜಿಟಲ್ ಸಂಗ್ರಹವಾದರೆ ಡಬ್ಲಿನ್ ಕೋರ್. ಒಂದು ಸಂಸ್ಥೆಯ ಅಥವಾ ವ್ಯಕ್ತಿಯ ಕಾಗದಪತ್ರಗಳು ಪೆಟ್ಟಿಗೆ, ಫೈಲು, ಹಾಳೆ ಎಂಬ ಮೇಲುಕೆಳಗಿನ ಕ್ರಮದಲ್ಲಿದ್ದರೆ ಇಎಡಿ, ಏಕೆಂದರೆ ಆ ಮಜಲುಗಳನ್ನು ಅದು ಹಾಗೆಯೇ ಉಳಿಸಿಕೊಳ್ಳುತ್ತದೆ. ಸಂಶೋಧನಾ ದತ್ತಾಂಶಕ್ಕೆ ಡಿಒಐ ಎಂಬ ಶಾಶ್ವತ ಡಿಜಿಟಲ್ ಗುರುತು ಪಡೆಯಬೇಕಿದ್ದರೆ ಡೇಟಾಸೈಟ್ ವಿನ್ಯಾಸ.

ಇನ್ನೂ ಗೊಂದಲವಿದ್ದರೆ ಡಬ್ಲಿನ್ ಕೋರ್‌ನಿಂದ ಶುರುಮಾಡಿ. 1995ರಲ್ಲಿ ಅಮೆರಿಕದ ಒಹಾಯೊ ರಾಜ್ಯದ ಡಬ್ಲಿನ್ ಊರಿನಲ್ಲಿ ನಡೆದ ಕಾರ್ಯಾಗಾರದಿಂದ ಅದಕ್ಕೆ ಈ ಹೆಸರು ಬಂತು; ಐರ್ಲೆಂಡಿನ ಡಬ್ಲಿನ್‌ಗೂ ಇದಕ್ಕೂ ಸಂಬಂಧವಿಲ್ಲ. ಈಗ ಅದು ಐಎಸ್‌ಒ 15836 ಎಂಬ ಅಂತರರಾಷ್ಟ್ರೀಯ ಮಾನದಂಡ. ಇರುವುದು 15 ಅಂಶಗಳು: ಶೀರ್ಷಿಕೆ, ಕರ್ತೃ, ವಿಷಯ, ವಿವರಣೆ, ಪ್ರಕಾಶಕ, ಸಹಯೋಗಿ, ದಿನಾಂಕ, ಪ್ರಕಾರ, ಸ್ವರೂಪ, ಗುರುತು, ಮೂಲ, ಭಾಷೆ, ಸಂಬಂಧ, ವ್ಯಾಪ್ತಿ, ಹಕ್ಕು.

ಹದಿನೈದನ್ನೂ ತುಂಬಲೇಬೇಕಾ?

ಬೇಡ. ಒಂದೂ ಕಡ್ಡಾಯವಲ್ಲ, ಯಾವುದನ್ನು ಬೇಕಾದರೂ ಎಷ್ಟು ಸಲ ಬೇಕಾದರೂ ಬಳಸಬಹುದು. ಈ ಸ್ವಾತಂತ್ರ್ಯವೇ ಅದರ ಗುಣ, ಅದೇ ದೋಷ. ಆದ್ದರಿಂದ ನಿಮ್ಮ ಸಂಗ್ರಹಕ್ಕೆ ಕಡ್ಡಾಯ ಯಾವುವು ಎಂದು ನೀವೇ ಗೊತ್ತುಮಾಡಿ. ಏಳು ಸಾಕು: ಗುರುತು, ಶೀರ್ಷಿಕೆ, ಕರ್ತೃ, ದಿನಾಂಕ, ಪ್ರಕಾರ, ಭಾಷೆ, ಹಕ್ಕು. ವಿಷಯವನ್ನು ಎರಡನೆಯ ಸುತ್ತಿನಲ್ಲಿ, ಅದರಲ್ಲಿ ಕೈ ಪಳಗಿದ ಒಬ್ಬರೇ ತುಂಬಿದರೆ ಒಳ್ಳೆಯದು. ಗೊತ್ತಿಲ್ಲದ ಕಡೆ 'ಇಲ್ಲ', 'ತಿಳಿಯದು', ಅಡ್ಡಗೆರೆ ಇತ್ಯಾದಿ ಬರೆಯಬೇಡಿ, ಖಾಲಿ ಬಿಡಿ. ಇಲ್ಲವಾದರೆ 'ತಿಳಿಯದು' ಎಂಬ ಹೆಸರಿನ ಒಬ್ಬ ಲೇಖಕ ನಿಮ್ಮ ಸೂಚಿಯಲ್ಲಿ ನೂರಾರು ಪುಸ್ತಕ ಬರೆದುಬಿಡುತ್ತಾನೆ.

ಒಂದು ದಾಖಲೆ ಒಂದೇ ವಸ್ತುವನ್ನು ವಿವರಿಸಬೇಕು ಎಂಬುದು ಡಬ್ಲಿನ್ ಕೋರ್‌ನ ಮೂಲ ನಿಯಮ. 1923ರ ಪುಸ್ತಕವನ್ನು 2024ರಲ್ಲಿ ಸ್ಕ್ಯಾನ್ ಮಾಡಿದ್ದೀರಿ ಎನ್ನಿ. ಪುಸ್ತಕಕ್ಕೆ ಒಂದು ಪ್ರಕಾಶಕರಿದ್ದಾರೆ, ಒಂದು ವರ್ಷವಿದೆ. ಪಿಡಿಎಫ್‌ಗೆ ಬೇರೆ ವರ್ಷ, ಅದನ್ನು ತಯಾರಿಸಿದ ಸಂಸ್ಥೆ ಬೇರೆ. ಎರಡನ್ನೂ ಒಂದೇ ದಿನಾಂಕದ ಕಾಲಂಗೆ ತುರುಕಿದರೆ ನೂರು ವರ್ಷದ ಪುಸ್ತಕ 'ಹೊಸ ಪ್ರಕಟಣೆ'ಗಳ ಸಾಲಿನಲ್ಲಿ ನಿಲ್ಲುತ್ತದೆ. ಸಣ್ಣ ಸಂಗ್ರಹದಲ್ಲಿ ಎರಡು ದಾಖಲೆ ಮಾಡುವುದು ಕಷ್ಟ, ನಿಜ. ಹಾಗಿದ್ದರೆ ದಿನಾಂಕದಲ್ಲಿ ಪುಸ್ತಕದ ವರ್ಷ ಮಾತ್ರ ಇರಲಿ, ಸ್ಕ್ಯಾನ್ ಮಾಡಿದ ದಿನಕ್ಕೆ ಬೇರೆ ಕಾಲಂ ಇರಲಿ.

ಅನುವಾದಕರು, ಸಂಪಾದಕರು ಕರ್ತೃವೋ ಸಹಯೋಗಿಯೋ?

ಅನುವಾದಕರು ಸಹಯೋಗಿ, ಮೂಲ ಲೇಖಕರು ಕರ್ತೃ. ಹಲವರ ಲೇಖನ ಕೂಡಿಸಿದ ಸಂಕಲನಕ್ಕೆ ಸಂಪಾದಕರನ್ನೂ ಸಹಯೋಗಿಯಾಗಿಯೇ ಹಾಕಿ, ಪಾತ್ರಕ್ಕೆ ಇನ್ನೊಂದು ಕಾಲಂ ಕೊಡಿ. 'ಸಂ.' ಎಂಬ ಅಕ್ಷರವನ್ನು ಹೆಸರಿಗೇ ಅಂಟಿಸಿದರೆ ಅದೇ ವ್ಯಕ್ತಿ ಸೂಚಿಯಲ್ಲಿ ಇಬ್ಬರಾಗುತ್ತಾರೆ. ಹಾಗೆಯೇ ಡಾ., ಪ್ರೊ., ಶ್ರೀ, ಶ್ರೀಮತಿ ಯಾವುದೂ ಹೆಸರಿನ ಕಾಲಂಗೆ ಬರಕೂಡದು.

ಲೇಖಕರ ಹೆಸರು ಹೇಗೆ ಬರೆಯಬೇಕು? ನಮ್ಮಲ್ಲಿ ಮನೆತನದ ಹೆಸರೇ ಇರುವುದಿಲ್ಲವಲ್ಲ?

ವಿದೇಶಿ ತಂತ್ರಾಂಶಗಳು 'ಕೊನೆಯ ಹೆಸರು, ಮೊದಲ ಹೆಸರು' ಎಂದು ಎರಡು ಪೆಟ್ಟಿಗೆ ಕೊಡುತ್ತವೆ. ಧಾರವಾಡದ ಕಡೆ ಅಡ್ಡಹೆಸರು ಕೊನೆಗೆ ಬರುವುದರಿಂದ ಅಲ್ಲಿನವರಿಗೆ ಇದು ಹೊಂದುತ್ತದೆ: ಬೇಂದ್ರೆ, ದ.ರಾ. ಹಳೇ ಮೈಸೂರು ಕಡೆ ಊರೂ ತಂದೆಯ ಹೆಸರೂ ಇನಿಷಿಯಲ್‌ಗಳಾಗಿ ಮುಂದೆ ಬರುತ್ತವೆ, ಕೊನೆಯಲ್ಲಿರುವುದು ಸ್ವಂತ ಹೆಸರು. ಅಲ್ಲಿ ಸ್ವಂತ ಹೆಸರನ್ನು ಮೊದಲು ಬರೆದು ಅಲ್ಪವಿರಾಮದ ನಂತರ ಇನಿಷಿಯಲ್ ಹಾಕಿ: ಪುಟ್ಟಪ್ಪ, ಕೆ.ವಿ. ಇನಿಷಿಯಲ್‌ಗಳ ನಡುವೆ ಚುಕ್ಕಿ ಇರಬೇಕೇ, ಜಾಗ ಬಿಡಬೇಕೇ ಎಂಬುದನ್ನೂ ನಿಮ್ಮ ಸಂಗ್ರಹದ ನಿಯಮಗಳ ಹಾಳೆಯಲ್ಲಿ ಬರೆದಿಡಿ. 'ಕೆ.ವಿ.', 'ಕೆ. ವಿ.', 'ಕೆ ವಿ' ಮೂರೂ ಕಂಪ್ಯೂಟರಿಗೆ ಬೇರೆ ಬೇರೆ.

ಇನ್ನು ಕಾವ್ಯನಾಮಗಳ ಸಮಸ್ಯೆ. ಕುವೆಂಪು ಮತ್ತು ಕೆ.ವಿ. ಪುಟ್ಟಪ್ಪ ಒಬ್ಬರೇ, ಅಂಬಿಕಾತನಯದತ್ತ ಮತ್ತು ದ.ರಾ. ಬೇಂದ್ರೆ ಒಬ್ಬರೇ, ಗೋಕಾಕರು 'ವಿನಾಯಕ' ಎಂಬ ಹೆಸರಿನಲ್ಲೂ, ಮಾಸ್ತಿಯವರು 'ಶ್ರೀನಿವಾಸ' ಎಂಬ ಹೆಸರಿನಲ್ಲೂ ಬರೆದರು. ಬೀಚಿಯವರ ಹೆಸರಿನಲ್ಲಿ ಎರಡನೆಯ ಅಕ್ಷರವನ್ನು ಇಂಗ್ಲಿಷ್ ಲಿಪಿಯಲ್ಲಿ ಅಚ್ಚುಹಾಕುವ ವಾಡಿಕೆಯಿದೆ; ಪೂರ್ತಿ ಕನ್ನಡದಲ್ಲಿ ಹುಡುಕುವವರಿಗೆ ಅದು ಸಿಗುವುದೇ ಇಲ್ಲ. ಇದಕ್ಕೆ ಪರಿಹಾರ ಹೆಸರುಗಳ ಪ್ರತ್ಯೇಕ ಕಡತ. ಒಬ್ಬ ವ್ಯಕ್ತಿಗೆ ಒಂದು ಸಾಲು: ನಿಮ್ಮದೇ ಒಂದು ಸಂಖ್ಯೆ, ಆರಿಸಿಕೊಂಡ ರೂಪ, ಹುಟ್ಟು ಮತ್ತು ಸಾವಿನ ವರ್ಷ, ಉಳಿದೆಲ್ಲ ರೂಪಗಳು, ವಿಕಿಡೇಟಾ ಅಥವಾ ವಿಐಎಎಫ್ (ಗ್ರಂಥಾಲಯಗಳ ಅಂತರರಾಷ್ಟ್ರೀಯ ಹೆಸರುಪಟ್ಟಿ) ಗುರುತು. ಪುಸ್ತಕದ ಮೇಲೆ ಏನೇ ಇರಲಿ, ಕರ್ತೃ ಕಾಲಂಗೆ ಹೋಗುವುದು ಆರಿಸಿಕೊಂಡ ರೂಪ ಮಾತ್ರ: 'ಕುವೆಂಪು, 1904–1994'. ಮುಖಪುಟದಲ್ಲಿ ಕಂಡಂತೆ ಉಳಿಸಿಕೊಳ್ಳಬೇಕಿದ್ದರೆ ಅದನ್ನು ವಿವರಣೆಯಲ್ಲಿ ಬರೆಯಿರಿ.

ಕೆಲಸ ಎಂಬುದಿದ್ದರೆ ಇದೇ. ಐದು ಸಾವಿರ ಪುಸ್ತಕದ ಪಟ್ಟಿಯಲ್ಲಿ ಬೇರೆಲ್ಲ ಒರಟಾಗಿದ್ದರೂ ಹೆಸರುಗಳು ಒಂದೇ ರೂಪದಲ್ಲಿದ್ದರೆ ಓದುಗರಿಗೆ ಬೇಕಾದ್ದು ಸಿಗುತ್ತದೆ.

ಹಳೆಯ ಪುಸ್ತಕದಲ್ಲಿ ಸಂವತ್ಸರದ ಹೆಸರು ಮಾತ್ರ ಇದೆ. ದಿನಾಂಕದ ಕಾಲಂಗೆ ಏನು ಬರೆಯಲಿ?

ಮೊದಲು ಸಾಮಾನ್ಯ ನಿಯಮ: ದಿನಾಂಕ ಬರೆಯುವ ಮಾನದಂಡವಾದ ಐಎಸ್‌ಒ 8601ರಂತೆ ವರ್ಷ, ತಿಂಗಳು, ದಿನ, ಈ ಕ್ರಮದಲ್ಲಿ, 1956-11-01 ಎಂದು ಬರೆಯಬೇಕು. ವರ್ಷ ಮಾತ್ರ ಗೊತ್ತಿದ್ದರೆ ವರ್ಷ ಮಾತ್ರ. ಸೊನ್ನೆಗಳನ್ನೋ ಜನವರಿ 1ನ್ನೋ ಸೇರಿಸಬೇಡಿ. ಪುಸ್ತಕದಲ್ಲಿ ೧೯೨೩ ಎಂದು ಕನ್ನಡ ಅಂಕಿಯಿದ್ದರೂ ಈ ಕಾಲಂನಲ್ಲಿ 1923 ಎಂದೇ ಇರಲಿ. ಶೀರ್ಷಿಕೆಯಲ್ಲಿ ಕನ್ನಡ ಅಂಕಿಯಿದ್ದರೆ ಅಲ್ಲಿ ಹಾಗೆಯೇ ಬಿಡಿ.

ಶಾಲಿವಾಹನ ಶಕೆ ಕೊಟ್ಟಿದ್ದರೆ 78 ಕೂಡಿಸಿ. ಶಕ 1845 ಎಂದರೆ 1923ರ ಯುಗಾದಿಯಿಂದ 1924ರ ಯುಗಾದಿಯ ಹಿಂದಿನ ದಿನದವರೆಗೆ. ತಿಂಗಳು ಗೊತ್ತಿಲ್ಲದಿದ್ದರೆ 1923/1924 ಎಂದು ಅವಧಿಯಾಗಿ ಬರೆಯಿರಿ. ಮಾಘ, ಫಾಲ್ಗುಣ ಎಂದಿದ್ದರೆ ಬಹುಪಾಲು ಎರಡನೆಯ ವರ್ಷಕ್ಕೆ ಸೇರುತ್ತದೆ. ಪುಷ್ಯ ಎರಡು ವರ್ಷಗಳ ನಡುವಿನ ಗಡಿಯಲ್ಲಿ ಬರುವುದರಿಂದ ತಿಥಿ ಸಮೇತ ಪಂಚಾಂಗದಲ್ಲೇ ನೋಡಬೇಕು.

ಸಂವತ್ಸರ ಮಾತ್ರ ಇದ್ದರೆ ಅರವತ್ತು ವರ್ಷಕ್ಕೊಮ್ಮೆ ಅದೇ ಹೆಸರು ಮರಳುತ್ತದೆ ಎಂಬುದು ನೆನಪಿರಲಿ. ರುಧಿರೋದ್ಗಾರಿ ಎಂದರೆ 1863–64, 1923–24, 1983–84 ಮೂರೂ ಆಗಬಹುದು. ಅಚ್ಚಿನ ಮೊಳೆ, ಬೆಲೆ ರೂಪಾಯಿ-ಆಣೆಯಲ್ಲಿದೆಯೇ ಪೈಸೆಯಲ್ಲಿದೆಯೇ, ಪ್ರೆಸ್ಸಿನ ವಿಳಾಸ ಇವನ್ನು ನೋಡಿ ಒಂದನ್ನು ಆರಿಸಿ. ಭಾರತದಲ್ಲಿ ದಶಮಾಂಶ ನಾಣ್ಯ ಬಂದದ್ದು 1957ರಲ್ಲಿ; ಆಣೆಯ ಬೆಲೆ ಇದ್ದರೆ 1983 ಆಗಿರಲಾರದು. ಖಚಿತವಿಲ್ಲದ ದಿನಾಂಕಕ್ಕೆ ಐಎಸ್‌ಒ 8601ರ 2019ರ ಎರಡನೆಯ ಭಾಗ ಗುರುತುಗಳನ್ನು ಕೊಟ್ಟಿದೆ: ಸುಮಾರು ಎನ್ನಲು 1923~, ಅನುಮಾನವಿದ್ದರೆ 1923?, ದಶಕ ಮಾತ್ರ ಗೊತ್ತಿದ್ದರೆ 192ರ ಮುಂದೆ ದೊಡ್ಡ ಎಕ್ಸ್ ಅಕ್ಷರ. 'ಸುಮಾರು 1923', '1920ರ ಆಸುಪಾಸು' ಎಂದು ಈ ಕಾಲಂನಲ್ಲಿ ಬರೆದರೆ ಯಂತ್ರ ಅದನ್ನು ವರ್ಷವೆಂದು ಗುರುತಿಸದು. ಯಾವ ಆಧಾರದ ಮೇಲೆ ನಿರ್ಧರಿಸಿದಿರಿ ಎಂಬುದನ್ನು ವಿವರಣೆಯಲ್ಲಿ ಒಂದು ವಾಕ್ಯ ಬರೆದಿಟ್ಟರೆ ಮುಂದೆ ಯಾರಾದರೂ ತಿದ್ದಲು ಅನುಕೂಲ.

ಪುಸ್ತಕ ಪಟ್ಟಿಯಲ್ಲಿ ಕಣ್ಣಿಗೆ ಕಾಣುತ್ತಿದೆ, ಆದರೆ ಹುಡುಕಿದರೆ ಸಿಗುವುದಿಲ್ಲ. ಯಾಕೆ?

ನಾಲ್ಕು ಕಾರಣಗಳು ಮತ್ತೆ ಮತ್ತೆ ಕಾಣುತ್ತವೆ.

ಒಂದು, ಸೊನ್ನೆ ಮತ್ತು ಅನುಸ್ವಾರ. ಕನ್ನಡದ ಅಂಕಿ ೦ ಮತ್ತು ಅನುಸ್ವಾರ ಂ ಪರದೆಯ ಮೇಲೆ ಒಂದೇ ಥರ. 'ಅಂಗಡಿ' ಬದಲು 'ಅ೦ಗಡಿ' ಎಂದು ಸೊನ್ನೆ ಒತ್ತಿದ ಬರಹ ಹಳೆಯ ಪಟ್ಟಿಗಳಲ್ಲಿ ಹೇರಳ. ಸರಿಪಡಿಸುವ ಬಗೆ: ಹಿಂದೆ ಕನ್ನಡ ಅಕ್ಷರ ಅಥವಾ ಸ್ವರಚಿಹ್ನೆ ಇರುವ ಕಡೆಯೆಲ್ಲ ೦ ಅನ್ನು ಅನುಸ್ವಾರವಾಗಿ ಬದಲಿಸಿ, ಹಿಂದೆ ಅಂಕಿ ಇರುವ ಕಡೆ ಬಿಡಿ. ಕಣ್ಣುಮುಚ್ಚಿ ಎಲ್ಲವನ್ನೂ ಬದಲಿಸಿದರೆ ೧೯೫೦ ಕೆಡುತ್ತದೆ.

ಎರಡು, ಒಂದೇ ಅಕ್ಷರಕ್ಕೆ ಎರಡು ಸಂಕೇತ. ಯುನಿಕೋಡ್‌ನಲ್ಲಿ 'ಕೋ' ಅಕ್ಷರದ ಸ್ವರಚಿಹ್ನೆಯನ್ನು ಒಂದೇ ಸಂಕೇತವಾಗಿಯೂ ಇಡಬಹುದು, ಎತ್ವ, ಕೊಂಬಿನ ದೀರ್ಘ, ದೀರ್ಘಚಿಹ್ನೆ ಎಂದು ತುಂಡುಗಳಾಗಿಯೂ ಇಡಬಹುದು. ಕೀ, ಕೇ, ಕೈ, ಕೊ ಅಕ್ಷರಗಳಿಗೂ ಹೀಗೇ. ಕಾಣುವುದು ಒಂದೇ, ಹೋಲಿಸಿದರೆ ಬೇರೆ. ಇಡೀ ಪಟ್ಟಿಯನ್ನು, ಇಂಥ ತುಂಡುಗಳನ್ನು ಒಂದೇ ಸಂಕೇತವಾಗಿ ಕೂಡಿಸುವ ಎನ್‌ಎಫ್‌ಸಿ ಎಂಬ ಯುನಿಕೋಡ್ ರೂಪಕ್ಕೆ ತನ್ನಿ. ಪೈಥಾನ್ ಎಂಬ ಪ್ರೋಗ್ರಾಮಿಂಗ್ ಭಾಷೆಯ ಯುನಿಕೋಡ್‌ಡೇಟಾ ಮಾಡ್ಯೂಲಿನಲ್ಲಿ ಇದು ಒಂದು ಸಾಲಿನ ಕೆಲಸ.

ಮೂರು, ಕಾಣದ ಅಕ್ಷರಗಳು. 'ಡಿಆರ್‌ಟಿಸಿ' ಎಂಬಲ್ಲಿ ರ್ ಮತ್ತು ಟಿ ಒತ್ತಾಗಿ ಕೂಡದಂತೆ ತಡೆಯಲು ನಡುವೆ ಶೂನ್ಯ ಅಗಲದ ಒಂದು ಗುರುತು ಇರುತ್ತದೆ. ಒಬ್ಬರು ಅದನ್ನು ಹಾಕುತ್ತಾರೆ, ಇನ್ನೊಬ್ಬರು ಹಾಕುವುದಿಲ್ಲ. ಬರಹದಲ್ಲಿ ಅದನ್ನು ಉಳಿಸಿಕೊಳ್ಳಿ, ಓದಲು ಅದು ಬೇಕು. ಹುಡುಕಾಟದ ಸೂಚಿ ಕಟ್ಟುವಾಗ ಮಾತ್ರ ತೆಗೆದುಹಾಕುವಂತೆ ತಂತ್ರಾಂಶ ನೋಡಿಕೊಳ್ಳುವವರಿಗೆ ಹೇಳಿ.

ನಾಲ್ಕು, ಯುನಿಕೋಡ್ ಅಲ್ಲದ ಹಳೆಯ ನುಡಿ ಅಥವಾ ಬರಹ ಫಾಂಟಿನಲ್ಲಿ ಟೈಪಾದ ಪಟ್ಟಿ. ಆ ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ಅದು ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳ ಸಾಲು. ಪರಿವರ್ತಕ ಬಳಸಿ ಯುನಿಕೋಡ್‌ಗೆ ತರಬೇಕು, ಆದರೆ ಪ್ರತಿಯ ಮೇಲೆ ಮಾಡಿ, ಮೂಲ ಕಡತ ಅಳಿಸಬೇಡಿ. ಹಳೆಯ ಫಾಂಟುಗಳಲ್ಲಿ ಅರ್ಕಾವೊತ್ತು ಅಕ್ಷರದ ನಂತರ ಬರುತ್ತದೆ, ಯುನಿಕೋಡ್‌ನಲ್ಲಿ ರಕಾರ ಮೊದಲು. ಪರಿವರ್ತಕ ಎಡವುವುದು ಇಲ್ಲೇ. ಕರ್ನಾಟಕ, ಸೂರ್ಯ, ಸ್ವಾತಂತ್ರ್ಯ, ಶಾಸ್ತ್ರ, ಕೃಷ್ಣ, ಈ ಐದು ಪದಗಳು ಸರಿಯಾಗಿ ಬಂದಿವೆಯೇ ಎಂದು ಮೊದಲು ನೋಡಿ. ನಡುವೆ ನಿಜವಾದ ಇಂಗ್ಲಿಷ್ ಪದಗಳಿದ್ದರೆ ಅವೂ ಕನ್ನಡದ ಕಲಸುಮೇಲೋಗರವಾಗಿರುತ್ತವೆ, ಅವನ್ನು ಕೈಯಿಂದಲೇ ತಿದ್ದಬೇಕು.

ಭಾಷೆಯ ಕಾಲಂಗೆ 'ಕನ್ನಡ' ಎಂದು ಬರೆದರೆ ಸಾಲದೇ?

ಓದುಗರಿಗೆ ಸಾಕು, ಯಂತ್ರಕ್ಕೆ ಸಂಕೇತ ಬೇಕು. ಕನ್ನಡಕ್ಕೆ ಐಎಸ್‌ಒ 639ರ ಎರಡಕ್ಷರದ ಸಂಕೇತ ಕೆ-ಎನ್, ಮೂರಕ್ಷರದ್ದು ಕೆ-ಎ-ಎನ್. ಎರಡನ್ನೂ ಇಂಗ್ಲಿಷಿನ ಸಣ್ಣಕ್ಷರದಲ್ಲಿ ಬರೆಯುತ್ತಾರೆ. ಮಾರ್ಕ್ ಮೂರಕ್ಷರದ್ದನ್ನು ಕೇಳುತ್ತದೆ, ವೆಬ್ ಪುಟಗಳು ಎರಡಕ್ಷರದ್ದನ್ನು. ತುಳುವಿಗೆ ಟಿ-ಸಿ-ವೈ, ಕೊಡವ ಭಾಷೆಗೆ ಕೆ-ಎಫ್-ಎ, ಕೊಂಕಣಿಗೆ ಕೆ-ಒ-ಕೆ. ತುಳುವಿನ ಸಂಕೇತ 639ರ ಮೂರನೆಯ ಭಾಗದಲ್ಲಿದೆ. ಮಾರ್ಕ್‌ನ ಸ್ವಂತ ಪಟ್ಟಿ ತುಳುವನ್ನು 'ಇತರ ದ್ರಾವಿಡ ಭಾಷೆ'ಗಳ ಗುಂಪಿಗೆ ಸೇರಿಸುತ್ತದೆ. ತುಳು ಪುಸ್ತಕ ಬೇರೆಯಾಗಿ ಸಿಗಬೇಕಿದ್ದರೆ ಮಾರ್ಕ್‌ನಲ್ಲಿ ಭಾಷೆಗಾಗಿ ಇರುವ 041ನೇ ಫೀಲ್ಡಿನಲ್ಲಿ ಎರಡನೆಯ ಸೂಚಕಕ್ಕೆ 7 ಕೊಟ್ಟು, ಐಎಸ್‌ಒ ಪಟ್ಟಿಯ ಹೆಸರು ಹೇಳಿ, ಸಂಕೇತ ಹಾಕಿ.

ಲಿಪಿಯೂ ಭಾಷೆಯೂ ಒಂದೇ ಅಲ್ಲ. ಚಾಮರಾಜಪೇಟೆ, ಬಸವನಗುಡಿಯ ಹಳೆಯ ಮನೆಗಳ ಬೀರುಗಳಲ್ಲಿ ಕನ್ನಡ ಲಿಪಿಯಲ್ಲಿ ಅಚ್ಚಾದ ಸಂಸ್ಕೃತ ಸ್ತೋತ್ರ, ಭಾಷ್ಯಗಳು ಸಾಕಷ್ಟಿರುತ್ತವೆ. ಅವನ್ನು 'ಕನ್ನಡ' ಎಂದು ನಮೂದಿಸಿದರೆ ಸಂಸ್ಕೃತ ಹುಡುಕುವವರಿಗೂ ಸಿಗವು, ಕನ್ನಡ ಹುಡುಕುವವರಿಗೂ ಉಪಯೋಗವಿಲ್ಲ. ಭಾಷೆ ಸಂಸ್ಕೃತ, ಲಿಪಿಗೆ ಐಎಸ್‌ಒ 15924ರ ಕನ್ನಡ ಸಂಕೇತ. ಆ ನಾಲ್ಕಕ್ಷರದ ಸಂಕೇತದಲ್ಲಿ ಮೊದಲಕ್ಷರ ಮಾತ್ರ ದೊಡ್ಡದು: ಕೆ-ಎನ್-ಡಿ-ಎ. ಟೀಕೆ ಕನ್ನಡದಲ್ಲಿದ್ದರೆ ಭಾಷೆಯನ್ನು ಎರಡು ಸಲ ಕೊಡಿ.

ವಿಷಯ ಪದಗಳನ್ನು ಯಾರ ಪಟ್ಟಿಯಿಂದ ತೆಗೆದುಕೊಳ್ಳಬೇಕು? ನಮ್ಮ ಸಿಬ್ಬಂದಿ ತೋಚಿದ್ದು ಬರೆಯುತ್ತಾರೆ.

ತೋಚಿದ್ದು ಬರೆಯುವುದನ್ನು ಮೊದಲು ನಿಲ್ಲಿಸಿ. ಒಬ್ಬರು 'ಕೆರೆ', ಇನ್ನೊಬ್ಬರು 'ಕೆರೆಗಳು', ಮತ್ತೊಬ್ಬರು 'ಜಲಮೂಲ' ಎಂದರೆ ಒಂದೇ ವಿಷಯ ಮೂರು ಕಡೆ ಹರಿದುಹೋಗುತ್ತದೆ.

ಈ ಕೆಲಸಕ್ಕೆ ಬೆಂಗಳೂರಿನವರು ದೂರ ನೋಡಬೇಕಿಲ್ಲ. ಪುಸ್ತಕಗಳನ್ನು ವಿಷಯವಾರು ವಿಂಗಡಿಸುವ ಕೋಲನ್ ವರ್ಗೀಕರಣವನ್ನು 1933ರಲ್ಲಿ ಪ್ರಕಟಿಸಿದ ಗ್ರಂಥಾಲಯ ವಿಜ್ಞಾನಿ ಎಸ್.ಆರ್. ರಂಗನಾಥನ್ ತಮ್ಮ ಕೊನೆಯ ವರ್ಷಗಳನ್ನು ಕಳೆದದ್ದು ಈ ಊರಿನಲ್ಲಿ. ಭಾರತೀಯ ಸಾಂಖ್ಯಿಕ ಸಂಸ್ಥೆಯ ಅಡಿಯಲ್ಲಿ 1962ರಲ್ಲಿ ಅವರು ಇಲ್ಲಿ ಕಟ್ಟಿದ ಡಿಆರ್‌ಟಿಸಿ ಎಂಬ ಸಂಶೋಧನಾ-ತರಬೇತಿ ಕೇಂದ್ರ ಇಂದಿಗೂ ಇದನ್ನೇ ಕಲಿಸುತ್ತಿದೆ. ಯಾವ ವಿಷಯವನ್ನಾದರೂ ಐದು ಮುಖಗಳಲ್ಲಿ ಬಿಡಿಸಿ ನೋಡಿ ಎಂದರು ಅವರು: ಮುಖ್ಯ ವಸ್ತು, ದ್ರವ್ಯ ಅಥವಾ ಗುಣ, ಕ್ರಿಯೆ, ದೇಶ, ಕಾಲ. '1970ರ ದಶಕದಲ್ಲಿ ಬೆಂಗಳೂರಿನ ಕೆರೆಗಳ ಹೂಳೆತ್ತುವಿಕೆ' ಎಂಬ ವರದಿಯನ್ನು ಹೀಗೆ ಬಿಡಿಸಬಹುದು: ಕೆರೆ, ಹೂಳು, ತೆಗೆಯುವುದು, ಬೆಂಗಳೂರು, 1970ರ ದಶಕ. ದೇಶ ಮತ್ತು ಕಾಲ ಡಬ್ಲಿನ್ ಕೋರ್‌ನ 'ವ್ಯಾಪ್ತಿ'ಗೆ ಹೋಗುತ್ತವೆ, ಮೊದಲ ಮೂರು 'ವಿಷಯ'ಕ್ಕೆ. 'ಬೆಂಗಳೂರಿನ ಕೆರೆ ಹೂಳು 1970' ಎಂದು ಒಂದೇ ಉದ್ದನೆಯ ಪದ ಮಾಡಬೇಡಿ. ಬಿಡಿಬಿಡಿಯಾಗಿಟ್ಟರೆ ಓದುಗರೇ ಬೇಕಾದಂತೆ ಕೂಡಿಸಿಕೊಳ್ಳುತ್ತಾರೆ. ಕೋಲನ್ ಸಂಖ್ಯೆಗಳನ್ನು ಬಳಸದಿದ್ದರೂ ಈ ಐದು ಪ್ರಶ್ನೆಗಳು ಪ್ರತಿ ದಾಖಲೆಗೂ ಉಪಯೋಗಕ್ಕೆ ಬರುತ್ತವೆ, ಫೋಟೋಗಳಿಗಂತೂ ಇದಕ್ಕಿಂತ ಒಳ್ಳೆಯ ಪ್ರಶ್ನಾವಳಿ ಬೇರೆ ಇಲ್ಲ.

ಪಟ್ಟಿ ಮಾಡುವ ಬಗೆ: ಮೊದಲ 200 ವಸ್ತುಗಳಿಂದ ವಿಷಯಗಳನ್ನು ಹೆಕ್ಕಿ, ಒಂದು ಪರಿಕಲ್ಪನೆಗೆ ಒಂದು ಆಯ್ಕೆಯ ಪದ ಗೊತ್ತುಮಾಡಿ, ಉಳಿದ ಪರ್ಯಾಯಗಳನ್ನು ಅದರ ಕೆಳಗೆ ಬರೆಯಿರಿ. ಮೇಲಿನ ವರ್ಗ, ಕೆಳಗಿನ ವರ್ಗ, ಸಂಬಂಧಿತ ಪದ ಇವನ್ನು ಗುರುತಿಸಿ. ಇದು 2009ರಲ್ಲಿ ವೆಬ್ ಮಾನದಂಡಗಳ ಸಂಸ್ಥೆಯಾದ ಡಬ್ಲ್ಯು3ಸಿ ಅಂಗೀಕರಿಸಿದ ಸ್ಕಾಸ್ ಮಾನದಂಡದ ವಿನ್ಯಾಸ. ಒಂದು ಭಾಷೆಯಲ್ಲಿ ಒಂದೇ ಆಯ್ಕೆಯ ಪದ ಇರಬೇಕು ಎಂಬುದು ಅದರ ಮುಖ್ಯ ನಿಯಮ. ಕನ್ನಡದಲ್ಲಿ 'ಕೆರೆ', ಇಂಗ್ಲಿಷಿನಲ್ಲಿ ಇನ್ನೊಂದು, ಎರಡಕ್ಕೂ ಒಂದೇ ಗುರುತು. ಕೆರೆ, ಕಟ್ಟೆ, ಕುಂಟೆ ಒಂದೇ ಅಲ್ಲ, ಗಾತ್ರದಲ್ಲೂ ಬಳಕೆಯಲ್ಲೂ ವ್ಯತ್ಯಾಸವಿದೆ. ಇಂಗ್ಲಿಷ್ ಪಟ್ಟಿಯನ್ನು ಅನುವಾದಿಸಿದರೆ ಈ ಭೇದಗಳೆಲ್ಲ ಒಂದೇ ಪದಕ್ಕೆ ಕುಸಿದು ನಾಶವಾಗುತ್ತವೆ. ಆದ್ದರಿಂದ ಪಟ್ಟಿಯನ್ನು ಕನ್ನಡದಲ್ಲೇ ಕಟ್ಟಿ, ಆಮೇಲೆ ಬೇರೆ ಭಾಷೆಗೆ ಜೋಡಿಸಿ.

ಬೆಂಗಳೂರಿನ ಸ್ಥಳನಾಮಗಳು ಬದಲಾಗುತ್ತಲೇ ಇರುತ್ತವೆ. ಯಾವುದನ್ನು ಹಾಕಬೇಕು?

ಪ್ರಕಟಣೆಯ ಸ್ಥಳವನ್ನು ಪುಸ್ತಕದಲ್ಲಿರುವಂತೆಯೇ ನಕಲು ಮಾಡಿ. ಚಿತ್ರದಲ್ಲಿರುವ ಅಥವಾ ಬರಹ ಹೇಳುವ ಸ್ಥಳಕ್ಕೆ ಈಗಿನ ಹೆಸರನ್ನು ಆಯ್ಕೆಯ ರೂಪವಾಗಿಟ್ಟು, ಹಳೆಯದನ್ನು ಪರ್ಯಾಯವಾಗಿ ಕೊಡಿ: ಮಹಾತ್ಮ ಗಾಂಧಿ ರಸ್ತೆಗೆ ಸೌತ್ ಪರೇಡ್, ಕೃಷ್ಣರಾಜೇಂದ್ರ ಮಾರುಕಟ್ಟೆಗೆ ಸಿಟಿ ಮಾರ್ಕೆಟ್, ಕೆಂಪೇಗೌಡ ಬಸ್ ನಿಲ್ದಾಣಕ್ಕೆ ಮೆಜೆಸ್ಟಿಕ್. ಇಂಗ್ಲಿಷಿನಲ್ಲಿ ಊರಿನ ಹೆಸರು ಅಧಿಕೃತವಾಗಿ ಬೆಂಗಳೂರು ಎಂದಾದದ್ದು 2014ರ ನವೆಂಬರ್ 1ರಂದು. ರಾಜ್ಯ ಕರ್ನಾಟಕವಾದದ್ದು 1973ರ ನವೆಂಬರ್ 1ರಂದು. 1965ರ ಕಡತಕ್ಕೆ 'ಕರ್ನಾಟಕ ಸರ್ಕಾರ' ಎಂದು ಕರ್ತೃ ಕೊಟ್ಟರೆ ತಪ್ಪು, ಅದು ಮೈಸೂರು ಸರ್ಕಾರ.

ಇಲ್ಲವಾದ ಸ್ಥಳಗಳಿಗೆ ಮಾತ್ರ ಈ ನಿಯಮ ನಡೆಯದು. ಧರ್ಮಾಂಬುಧಿ ಕೆರೆಯ ಜಾಗದಲ್ಲಿ ಈಗ ಬಸ್ ನಿಲ್ದಾಣ, ಸಂಪಂಗಿ ಕೆರೆಯ ಅಂಗಳದಲ್ಲಿ ಕಂಠೀರವ ಕ್ರೀಡಾಂಗಣ. ಕೆರೆಯ ಫೋಟೋಗೆ ಕ್ರೀಡಾಂಗಣದ ಹೆಸರು ಕೊಡಲಾಗದು. ಕೆರೆಗೆ ಅದರದೇ ಸಾಲು ಇರಲಿ, 'ಈ ಜಾಗದಲ್ಲಿ ಈಗ' ಎಂದು ಸಂಬಂಧ ತೋರಿಸಿ. ವಾರ್ಡ್ ಸಂಖ್ಯೆಯನ್ನು ಗುರುತಾಗಿ ನೆಚ್ಚಬೇಡಿ. 2007ರಲ್ಲಿ ಬಿಬಿಎಂಪಿ ಆಯಿತು, 2025ರಲ್ಲಿ ಗ್ರೇಟರ್ ಬೆಂಗಳೂರು ಪ್ರಾಧಿಕಾರದ ಅಡಿ ಐದು ನಗರಪಾಲಿಕೆಗಳಾದವು, ಗಡಿಗಳೂ ಬದಲಾದವು. ಬಡಾವಣೆಯ ಹೆಸರು ಮತ್ತು ಅಕ್ಷಾಂಶ-ರೇಖಾಂಶ ಬಾಳಿಕೆ ಬರುತ್ತವೆ.

ಫೋಟೋಗಳ ವಿವರ ಫೋಟೋ ಒಳಗೇ ಇಡಬಹುದಂತೆ, ಹೌದೇ?

ಹೌದು. ಕ್ಯಾಮೆರಾ ತಾನಾಗಿ ಬರೆಯುವ ಎಕ್ಸಿಫ್‌ನಲ್ಲಿ ಸಮಯ, ಲೆನ್ಸು, ಕೆಲವೊಮ್ಮೆ ಜಿಪಿಎಸ್ ಇರುತ್ತವೆ; ಅಡಿಬರಹ, ಹೆಸರು, ಹಕ್ಕು ಇವಕ್ಕೆ ಐಪಿಟಿಸಿ ಮಾನದಂಡವಿದೆ. ಎಕ್ಸಿಫ್‌ನ ವಿವರಣೆಯ ಜಾಗ ಮೂಲತಃ ಇಂಗ್ಲಿಷ್ ಅಕ್ಷರಗಳಿಗಷ್ಟೇ ಮಾಡಿದ್ದು. ಕನ್ನಡ ಅಡಿಬರಹವನ್ನು ಯುನಿಕೋಡ್ ಒಪ್ಪುವ ಎಕ್ಸ್‌ಎಂಪಿ ಎಂಬ ರೂಪದಲ್ಲಿ ಬರೆಯಿರಿ. ಎಕ್ಸಿಫ್‌ಟೂಲ್ ಎಂಬ ಉಚಿತ ತಂತ್ರಾಂಶ ಸಾವಿರಾರು ಫೋಟೋಗಳಿಗೆ ಒಮ್ಮೆಗೇ ಇದನ್ನು ಮಾಡುತ್ತದೆ.

ಸ್ಕ್ಯಾನ್ ಮಾಡಿದ ಹಳೆಯ ಫೋಟೋದೊಳಗೆ ಇರುವ ದಿನಾಂಕ ಸ್ಕ್ಯಾನರಿನದು, ಅದನ್ನು ನಂಬಬೇಡಿ. ವಾಟ್ಸಾಪ್‌ನಲ್ಲಿ ಫೋಟೋ ಆಗಿ ಕಳಿಸಿದರೆ ಒಳಗಿನ ವಿವರ ಹಾರಿಹೋಗುತ್ತದೆ, ಚಿತ್ರವೂ ಕುಗ್ಗುತ್ತದೆ. ಡಾಕ್ಯುಮೆಂಟ್ ಆಗಿ ಕಳಿಸಲು ಹೇಳಿ. ಒಳಗಿನ ವಿವರ ಏನೇ ಇರಲಿ, ಪಟ್ಟಿಯಲ್ಲೂ ಅದರ ಪ್ರತಿ ಇರಲೇಬೇಕು.

ಎಕ್ಸೆಲ್‌ನಲ್ಲಿ ಶುರುಮಾಡಬಹುದೇ?

ಧಾರಾಳವಾಗಿ. ಒಂದು ವಸ್ತುವಿಗೆ ಒಂದು ಸಾಲು, ಒಂದು ಕಾಲಂಗೆ ಒಂದೇ ಅರ್ಥ. ಕೋಶಗಳನ್ನು ವಿಲೀನ ಮಾಡಬೇಡಿ, ಬಣ್ಣದಿಂದ ಅರ್ಥ ಸೂಚಿಸಬೇಡಿ. ಸಿಎಸ್‌ವಿ ಎಂಬ ಸರಳ ಪಠ್ಯದ ರೂಪಕ್ಕೆ ಹೋದಾಗ ಬಣ್ಣ ಉಳಿಯದು. ಎಲ್ಲ ಕಾಲಂಗಳನ್ನೂ ಟೈಪ್ ಮಾಡುವ ಮೊದಲೇ 'ಟೆಕ್ಸ್ಟ್' ಎಂದು ಗೊತ್ತುಮಾಡಿ. ಇಲ್ಲವಾದರೆ 000412 ಎಂಬ ಸಂಖ್ಯೆ 412 ಆಗುತ್ತದೆ, 3-4 ಎಂಬ ಸಂಪುಟ ಸಂಖ್ಯೆ ತಾರೀಖಾಗುತ್ತದೆ, 13 ಅಂಕಿಯ ಐಎಸ್‌ಬಿಎನ್ ಘಾತಾಂಕದ ರೂಪಕ್ಕೆ ತಿರುಗುತ್ತದೆ. ಒಂದೇ ಕೋಶದಲ್ಲಿ ಎರಡು ಹೆಸರು ಬಂದಾಗ ನಡುವೆ || ಎಂಬ ಜೋಡಿ ಗೆರೆ ಹಾಕಿ. ಅಲ್ಪವಿರಾಮ ಹೆಸರಿನೊಳಗೇ ಇರುವುದರಿಂದ ಅದು ಆಗದು. ಡಿಸ್ಪೇಸ್ ಎಂಬ ಡಿಜಿಟಲ್ ಭಂಡಾರದ ತಂತ್ರಾಂಶ ಕೂಡ ಈ ಜೋಡಿ ಗೆರೆಯನ್ನೇ ನಿರೀಕ್ಷಿಸುತ್ತದೆ. ಉಳಿಸುವಾಗ 'ಸಿಎಸ್‌ವಿ ಯುಟಿಎಫ್-8' ಎಂಬುದನ್ನೇ ಆರಿಸಿ. ಬರಿಯ ಸಿಎಸ್‌ವಿ ಆರಿಸಿದರೆ ಕನ್ನಡವೆಲ್ಲ ಪ್ರಶ್ನಾರ್ಥಕ ಚಿಹ್ನೆಗಳಾಗಿ ಹೋಗುತ್ತದೆ, ಮರಳಿ ಬಾರದು.

ಎಷ್ಟು ದಿನ ಹಿಡಿಯುತ್ತದೆ ಎಂದು ತಿಳಿಯಲು ಬೇರೆ ಬೇರೆ ಬಗೆಯ 50 ವಸ್ತುಗಳನ್ನು ಮಾಡಿ, ಗಡಿಯಾರ ನೋಡಿ ಗುಣಿಸಿ. ನಂತರ ಇಬ್ಬರಿಗೆ ಅದೇ 20 ವಸ್ತುಗಳನ್ನು ಬೇರೆಬೇರೆಯಾಗಿ ಮಾಡಲು ಹೇಳಿ. ಎಲ್ಲಿ ಇಬ್ಬರ ಬರಹ ಬೇರೆಯಾಯಿತೋ ಅಲ್ಲಿ ನಿಮ್ಮ ನಿಯಮ ಸ್ಪಷ್ಟವಿಲ್ಲ ಎಂದರ್ಥ.

ಕೋಹಾದಲ್ಲಿ ಕನ್ನಡ ಶೀರ್ಷಿಕೆ ನೇರವಾಗಿ ಹಾಕಬೇಕೇ, ಇಂಗ್ಲಿಷ್ ಲಿಪಿಯಲ್ಲೇ?

ಮಾರ್ಕ್ 21 ಎರಡಕ್ಕೂ ಅವಕಾಶ ಕೊಡುತ್ತದೆ. ಒಂದು ಬಗೆಯಲ್ಲಿ ಶೀರ್ಷಿಕೆಯ 245ನೇ ಫೀಲ್ಡಿನಲ್ಲಿ ರೋಮನ್ ಲಿಪ್ಯಂತರ, 880ರಲ್ಲಿ ಕನ್ನಡ, ಎರಡನ್ನೂ ಉಪಫೀಲ್ಡ್ 6 ಬೆಸೆಯುತ್ತದೆ. ಇನ್ನೊಂದರಲ್ಲಿ 245ರಲ್ಲೇ ನೇರ ಕನ್ನಡ. ಓದುಗರು ಕನ್ನಡಿಗರೇ ಆಗಿರುವ ಗ್ರಂಥಾಲಯಕ್ಕೆ ನೇರ ಕನ್ನಡ ಸರಿ; 880 ಇರುವುದು ಕನ್ನಡ ಓದಲಾರದ ಸಿಬ್ಬಂದಿಯಿರುವ ಕಡೆಗಾಗಿ. ಲಿಪ್ಯಂತರ ಬೇಕಾದರೆ 246ರಲ್ಲಿ ಪರ್ಯಾಯ ಶೀರ್ಷಿಕೆಯಾಗಿ ಕೊಡಿ. ಒಂದೇ ಪದ್ಧತಿ ಅನುಸರಿಸಿ, ಲಿಪ್ಯಂತರದ ಮಾನದಂಡವಾದ ಐಎಸ್‌ಒ 15919 ಆಗಲಿ ಬೇರೆಯಾಗಲಿ. ಅನುವಾದಿತ ಕೃತಿಗೆ 041ರ ಉಪಫೀಲ್ಡ್ ಎಚ್‌ನಲ್ಲಿ ಮೂಲ ಭಾಷೆ ಕೊಡಲು ಮರೆಯಬೇಡಿ. ಬಂಗಾಳಿಯಿಂದ ಕನ್ನಡಕ್ಕೆ ಬಂದ ಕಾದಂಬರಿಗಳನ್ನು ಹುಡುಕುವವರಿಗೆ ಅದೊಂದೇ ದಾರಿ.

ನಮ್ಮ ದಾಖಲೆಗಳು ಬೇರೆ ಜಾಲಗಳಲ್ಲೂ ಕಾಣಬೇಕು. ಏನು ಮಾಡಬೇಕು?

ಡಿಸ್ಪೇಸ್‌ನಂಥ ಭಂಡಾರ ತಂತ್ರಾಂಶಗಳು ಒಎಐ-ಪಿಎಂಎಚ್ ಎಂಬ ವಿಧಾನದಲ್ಲಿ ದಾಖಲೆಗಳನ್ನು ಹೊರಕ್ಕೆ ಕೊಡುತ್ತವೆ. ಕೊಡುವಾಗ ಕನಿಷ್ಠ ಸರಳ ಡಬ್ಲಿನ್ ಕೋರ್ ಇರಲೇಬೇಕು ಎಂಬುದು ಅದರ ನಿಯಮ. ಹಾಗಾಗಿ ಒಳಗೆ ನೀವು ಎಷ್ಟೇ ಸೂಕ್ಷ್ಮವಾಗಿ ಬರೆದಿರಲಿ, ಆ ರೂಪದಲ್ಲಿ ಹೊರಗೆ ಹೋಗುವುದು ಹದಿನೈದು ಕಾಲಂಗಳು ಮಾತ್ರ. ಡಿಸ್ಪೇಸ್‌ನಲ್ಲಿ ಪ್ರಕಟವಾದ ದಿನ, ಭಂಡಾರಕ್ಕೆ ಸೇರಿದ ದಿನ, ಲಭ್ಯವಾದ ದಿನ ಮೂರೂ ಹೊರಗೆ ಬರಿಯ 'ದಿನಾಂಕ'ವಾಗುತ್ತವೆ. ಎಲ್ಲರಿಗೂ ತೆರೆಯುವ ಮುನ್ನ ಹತ್ತು ದಾಖಲೆಗಳ ಹೊರರೂಪವನ್ನು ಬ್ರೌಸರಿನಲ್ಲಿ ತೆರೆದು ಓದಿ.

ಹಕ್ಕಿನ ಕಾಲಂನಲ್ಲಿ ಏನು ಬರೆಯಬೇಕು?

'ಎಲ್ಲ ಹಕ್ಕುಗಳೂ ಕಾದಿರಿಸಲ್ಪಟ್ಟಿವೆ' ಎಂಬ ಸಿದ್ಧವಾಕ್ಯ ಬೇಡ. ಹಕ್ಕು ಯಾರದು, ಯಾವಾಗ ತೀರುತ್ತದೆ, ಓದುಗರು ಏನು ಮಾಡಬಹುದು, ಇಷ್ಟು ಹೇಳಿ. 1957ರ ಕೃತಿಸ್ವಾಮ್ಯ ಕಾಯ್ದೆಯಂತೆ ಸಾಹಿತ್ಯ ಕೃತಿಯ ಹಕ್ಕು ಲೇಖಕರು ತೀರಿಕೊಂಡ ಮರುವರ್ಷದ ಆರಂಭದಿಂದ 60 ವರ್ಷ. 1960ರಲ್ಲಿ ತೀರಿಕೊಂಡವರ ಕೃತಿ 2021ರ ಜನವರಿ 1ರಿಂದ ಎಲ್ಲರದು. ಅನುವಾದಕರ, ಸಂಪಾದಕರ ಹಕ್ಕು ಬೇರೆಯೇ ಎಣಿಕೆಯಾಗುತ್ತದೆ. ಹೆಸರುಗಳ ಕಡತದಲ್ಲಿ ಸಾವಿನ ವರ್ಷ ಬರೆದಿಟ್ಟಿದ್ದರೆ ಈ ಲೆಕ್ಕ ಒಂದು ಸೂತ್ರದಲ್ಲಿ ಮುಗಿಯುತ್ತದೆ.

ಪೂರ್ತಿ ಪಠ್ಯವನ್ನೇ ಹುಡುಕುವ ತಂತ್ರಾಂಶ, ಎಐ ಎಲ್ಲ ಬಂದಿರುವಾಗ ಇಷ್ಟು ಕಷ್ಟ ಯಾಕೆ?

ಪಠ್ಯದೊಳಗೆ ಇಲ್ಲದ್ದನ್ನು ಯಾವ ಹುಡುಕಾಟವೂ ಕೊಡದು. ಕಾವ್ಯನಾಮದ ಹಿಂದಿನ ವ್ಯಕ್ತಿ, ಸಂವತ್ಸರದ ಇಸವಿ, ಫೋಟೋದಲ್ಲಿ ನಿಂತವರ ಹೆಸರು, ಹಕ್ಕಿನ ಸ್ಥಿತಿ ಇವು ಪುಟದಲ್ಲಿ ಅಚ್ಚಾಗಿರುವುದಿಲ್ಲ. ಹಳೆಯ ಮೊಳೆಯ ಕನ್ನಡವನ್ನು ಅಕ್ಷರವಾಗಿ ಗುರುತಿಸುವಾಗ ಒತ್ತಕ್ಷರಗಳು ಕೆಡುವುದೂ ಉಂಟು. ಎಐ ಬರೆದುಕೊಟ್ಟ ವಿಷಯ ಪದಗಳನ್ನು ಕರಡಾಗಿ ತೆಗೆದುಕೊಳ್ಳಿ, ನಿಮ್ಮ ಪಟ್ಟಿಯ ಪದಕ್ಕೆ ಹೊಂದಿಸಿ, ಹೆಸರು ಮತ್ತು ವರ್ಷಗಳನ್ನು ಪುಸ್ತಕ ಕೈಯಲ್ಲಿ ಹಿಡಿದೇ ಪರಿಶೀಲಿಸಿ.

ಈಗಾಗಲೇ ಸಾವಿರಾರು ದಾಖಲೆ ತಪ್ಪಾಗಿ ಬರೆದಾಗಿದೆ. ಮತ್ತೆ ಮೊದಲಿಂದ ಮಾಡಬೇಕೇ?

ಬೇಡ. ಪಟ್ಟಿಯನ್ನು ಓಪನ್‌ರಿಫೈನ್ ಎಂಬ ಉಚಿತ ತಂತ್ರಾಂಶಕ್ಕೆ ಏರಿಸಿ. ಮೊದಲು ಎನ್‌ಎಫ್‌ಸಿ, ಸೊನ್ನೆ-ಅನುಸ್ವಾರ, ಹಿಂದುಮುಂದಿನ ಖಾಲಿ ಜಾಗ ಸರಿಪಡಿಸಿ. ಇಷ್ಟರಲ್ಲೇ ಬಹಳಷ್ಟು ಜೋಡಿಗಳು ಒಂದಾಗುತ್ತವೆ. ಆಮೇಲೆ ಕರ್ತೃ ಕಾಲಂನಲ್ಲಿ ಒಂದೇ ಥರ ಇರುವುದನ್ನು ಗುಂಪು ಮಾಡುವ ಸೌಲಭ್ಯ ಬಳಸಿ. ಅದರಲ್ಲಿ ಉಚ್ಚಾರಣೆ ನೋಡಿ ಗುಂಪು ಮಾಡುವ ಮೆಟಾಫೋನ್‌ನಂಥ ವಿಧಾನಗಳು ಇಂಗ್ಲಿಷಿಗಾಗಿ ಮಾಡಿದವು, ಕನ್ನಡಕ್ಕೆ ಕೆಲಸ ಮಾಡವು. ಅಕ್ಷರಗಳ ಅಂತರ ಎಣಿಸುವ ಲೆವೆನ್‌ಸ್ಟೈನ್ ವಿಧಾನ ಆರಿಸಿ. ಪ್ರತಿ ಗುಂಪನ್ನೂ ಕಣ್ಣಾರೆ ನೋಡಿಯೇ ಒಪ್ಪಿಗೆ ಕೊಡಿ. ಕೆ.ಎಸ್. ಮತ್ತು ಕೆ.ಎನ್. ನಡುವೆ ಇರುವುದು ಒಂದೇ ಅಕ್ಷರದ ವ್ಯತ್ಯಾಸ, ವ್ಯಕ್ತಿಗಳು ಬೇರೆ. ಮುಗಿದ ಮೇಲೆ ಮಾಡಿದ ಬದಲಾವಣೆಗಳ ಪಟ್ಟಿಯನ್ನು ಓಪನ್‌ರಿಫೈನ್‌ನಿಂದಲೇ ಇಳಿಸಿಕೊಂಡು, ಮೂಲ ಕಡತದ ಪಕ್ಕದಲ್ಲಿ ದಿನಾಂಕ ಹಾಕಿ ಇಡಿ.